ಉಸ್ಸೆಲ್ ಕ್ಷೇತ್ರ ಬಣ್ಣ ಬದಲಿಸಿತೇ? 1967ರ ಫಲಿತಾಂಶದ ಮರುಪರಿಶೀಲನೆ

ಮಧ್ಯ ಫ್ರಾನ್ಸಿನ ಕೊರೇಜ್ ಜಿಲ್ಲೆಯ ಉಸ್ಸೆಲ್ ಕ್ಷೇತ್ರದ ಬಗ್ಗೆ ಬರೆದವರು ಬಹುಮಟ್ಟಿಗೆ ಒಂದೇ ಕತೆಯನ್ನು ಹೇಳುತ್ತ ಬಂದಿದ್ದಾರೆ. ಕಮ್ಯುನಿಸ್ಟರ ಭದ್ರಕೋಟೆಯಾಗಿದ್ದ ಈ ನೆಲವನ್ನು 1967ರ ಮಾರ್ಚ್‌ನಲ್ಲಿ 34 ವರ್ಷದ ಜಾಕ್ ಶಿರಾಕ್ ತಮ್ಮ ಓಡಾಟ ಮತ್ತು ಮಾತುಗಾರಿಕೆಯ ಬಲದಿಂದ ಗೆದ್ದರು, ಅಲ್ಲಿಂದ ಕ್ಷೇತ್ರ ಬಲಕ್ಕೆ ಹೊರಳಿತು ಎಂಬುದು ಆ ಕತೆ. ಶಿರಾಕ್ ಅವರ ಜೀವನಚರಿತ್ರಕಾರರಿಗೆ ಇದು ಒಪ್ಪುವಂಥದ್ದೇ, ಏಕೆಂದರೆ ಅವರಿಗೆ ಬೇಕಿದ್ದದ್ದು ಒಬ್ಬ ನಾಯಕ. ಆದರೆ ಚುನಾವಣಾ ಇತಿಹಾಸ ಬರೆಯುವವರೂ ಅದನ್ನೇ ಆಧಾರವೆಂದು ಎತ್ತಿಕೊಂಡಿರುವುದಕ್ಕೆ ನನ್ನ ತಕರಾರಿದೆ.

ಮೊದಲು ಫಲಿತಾಂಶವನ್ನೇ ನೋಡೋಣ. ಎರಡನೆಯ ಸುತ್ತಿನಲ್ಲಿ ಶಿರಾಕ್ ಅವರ ಎದುರಾಳಿ ಕಮ್ಯುನಿಸ್ಟ್ ಪಕ್ಷದ ಜಾರ್ಜ್ ಎಮೊಂ. ಗೆಲುವಿನ ಅಂತರ 500 ಚಿಲ್ಲರೆ ಮತಗಳು ಮಾತ್ರ. ಸಮಾಜವಾದಿಗಳ ಮತ್ತು ರ್‍ಯಾಡಿಕಲ್ಲರ ಒಕ್ಕೂಟದಿಂದ ಮೊದಲ ಸುತ್ತಿಗೆ ನಿಂತವರು ಫ್ರಾಂಸ್ವಾ ಮಿತೆರಾಂ ಅವರ ಅಣ್ಣ ರೊಬೆರ್ ಮಿತೆರಾಂ, ಆ ಊರಿಗೆ ಹೊರಗಿನವರು. ಎಡಪಕ್ಷಗಳಲ್ಲಿ ಯಾರು ಮುಂದಿದ್ದಾರೋ ಅವರಿಗೆ ಉಳಿದವರು ಕಣ ಬಿಟ್ಟುಕೊಡಬೇಕೆಂದು 1966ರ ಡಿಸೆಂಬರ್‌ನಲ್ಲಿ ಒಕ್ಕೂಟಕ್ಕೂ ಕಮ್ಯುನಿಸ್ಟರಿಗೂ ಒಪ್ಪಂದವಾಗಿತ್ತು. ಉಸ್ಸೆಲ್‌ನಲ್ಲಿ ಮುಂದಿದ್ದವರು ಎಮೊಂ.

ಇಷ್ಟರಿಂದ ಏನು ಸಿದ್ಧವಾಗುತ್ತದೆ? ಕೆಂಪು ನೆಲ ಬಣ್ಣ ಬದಲಿಸಿತೆಂದಂತೂ ಅಲ್ಲ. ಶೀತಲಸಮರದ ಕಾಲದಲ್ಲಿ ಒಬ್ಬ ಕಮ್ಯುನಿಸ್ಟ್ ಅಭ್ಯರ್ಥಿ ಹೆಚ್ಚುಕಡಿಮೆ ಅರ್ಧದಷ್ಟು ಮತ ಪಡೆದ ಗ್ರಾಮೀಣ ಕ್ಷೇತ್ರವನ್ನು 'ಬಲಕ್ಕೆ ಹೊರಳಿದ ಕ್ಷೇತ್ರ' ಎನ್ನಲು ಬರುವುದಿಲ್ಲ. ಆ ಮತಗಳು ಎಮೊಂ ಅವರಿಗೆ ಬಿದ್ದವಲ್ಲ, ಶಿರಾಕ್ ಅವರ ನಾಯಕ, ಅಧ್ಯಕ್ಷ ದ ಗಾಲ್ ವಿರುದ್ಧ ಬಿದ್ದವು ಎಂಬ ಆಕ್ಷೇಪ ಬರಬಹುದು. ಇರಲಿ, ಹಾಗೆಂದರೂ ಎಡಕ್ಕೆ ಒಲಿಯುವ ಹಳೆಯ ರೂಢಿ ಅಳಿದಿರಲಿಲ್ಲವೆಂದೇ ಆಯಿತು. ಕ್ಷೇತ್ರದ ಒಟ್ಟು ಲೆಕ್ಕದಿಂದ ಯಾವ ಮತದಾರ ಎಲ್ಲಿಂದ ಎಲ್ಲಿಗೆ ಹೋದನೆಂದು ಹೇಳಲಾಗದು. ಈ ಮಿತಿ ನನ್ನ ವಾದಕ್ಕೂ ಇದೆ. ಆದರೂ ಫಲಿತಾಂಶವನ್ನು ತೀರ್ಮಾನಿಸಿದವರು ಕಮ್ಯುನಿಸ್ಟ್ ರೈತರಲ್ಲ, ಮಧ್ಯದಲ್ಲಿ ನಿಂತಿದ್ದ ರ್‍ಯಾಡಿಕಲ್ ಮತದಾರರು ಎಂಬ ಊಹೆಗೆ ಬಲವಾದ ಕಾರಣವಿದೆ. ಆ ಕಾರಣದ ಹೆಸರು ಆಂರಿ ಕೆಯ್.

ಕೆಯ್ ನೊವಿಕ್ ಊರಿನ ವೈದ್ಯರು, ರ್‍ಯಾಡಿಕಲ್ ಪಕ್ಷದವರು. 1912ರಲ್ಲಿ ಆ ಊರಿನ ಮೇಯರ್ ಆದರು, 1914ರಲ್ಲಿ ಸಂಸತ್ತಿಗೆ ಹೋದರು. ಮತ್ತೆ ಮತ್ತೆ ಕೃಷಿ ಸಚಿವರಾಗಿ, ನಾಲ್ಕನೆಯ ಗಣರಾಜ್ಯದಲ್ಲಿ ಮೂರು ಸಲ ಪ್ರಧಾನಿಯಾದರು. ಪ್ಯಾರಿಸ್ಸಿನ ಇತಿಹಾಸಕಾರರು ಅವರನ್ನು ಸರ್ಕಾರ ಕಟ್ಟುವ ಜಾಣ್ಮೆಗಾಗಿ ನೆನೆಯುತ್ತಾರೆ. ಕ್ಷೇತ್ರದ ಮಿಲ್ವಾಶ್ ಪ್ರಸ್ಥಭೂಮಿಯ ರೈತನಿಗೆ ಅವರು ಹಳ್ಳಿಗೆ ಕರೆಂಟು ತಂದವರು. ನಾಲ್ಕೈದು ಮನೆಗಳ ಕೇರಿಗಳು ಮೈಲಿಗಟ್ಟಲೆ ಚದುರಿಹೋಗಿರುವ ಆ ಸೀಮೆಯಲ್ಲಿ ಒಂದೊಂದು ಕೇರಿಗೂ ತಂತಿ ಎಳೆಯುವುದು ಯಾವ ಕಂಪನಿಗೂ ಲಾಭದ ಕೆಲಸವಾಗಿರಲಿಲ್ಲ. ಊರೂರು ಸೇರಿ ಸಂಘ ಕಟ್ಟಿಕೊಂಡು, ಸರ್ಕಾರದ ಹಣ ತರಬೇಕಿತ್ತು. ತರಬಲ್ಲವನಿಗೆ ಮತ ಹಾಕುವ ರೂಢಿ ಬೆಳೆದದ್ದು ಹೀಗೆ.

1936ರ ಗೆಲುವನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. ಆ ವರ್ಷ ಉಸ್ಸೆಲ್‌ನಿಂದ ಗೆದ್ದ ಕಮ್ಯುನಿಸ್ಟ್ ಮಾರಿಯುಸ್ ವಾಜೆಯ್ ಅವರನ್ನು ಎಡಪಕ್ಷಗಳ ಒಕ್ಕೂಟವಾದ ಪಾಪ್ಯುಲರ್ ಫ್ರಂಟಿನ ಅಲೆ ಹೊತ್ತು ತಂದಿತೆಂದು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಕೆಯ್ 1935ರಲ್ಲೇ ಸೆನೆಟ್ಟಿಗೆ ಹೋಗಿದ್ದರು, ಕ್ಷೇತ್ರದ ದೊಡ್ಡ ಯಜಮಾನ ಕಣದಲ್ಲಿರಲಿಲ್ಲ ಎಂಬುದನ್ನು ಅದೇ ಸಾಲಿಗೆ ಸೇರಿಸಬೇಡವೇ? ವಾಜೆಯ್ ಕೂಡ ಘೋಷಣೆ ಕೂಗಲು ಬಂದವರಲ್ಲ. ಮೇಮಾಕ್‌ನಲ್ಲಿ ನೆಲೆಸಿದ ಅರಣ್ಯತಜ್ಞ ಅವರು. ಕುರಿ ಮೇಯುತ್ತಿದ್ದ ಬೋಳು ಗೋಮಾಳಗಳಲ್ಲಿ ರೈತರೇ ಮರ ನೆಡಬೇಕು, ಮರವೂ ಲಾಭವೂ ಅವರದಾಗಬೇಕು, ಹುಲ್ಲುಗಾವಲು ಉಳಿಯಬೇಕು ಎಂದು ಹೇಳುತ್ತ ಆ ಪ್ರಸ್ಥಭೂಮಿಯ ಕೃಷಿ ನಕಾಶೆಯನ್ನೇ ಸಿದ್ಧಪಡಿಸಿದವರು. ಚುನಾವಣಾ ಇತಿಹಾಸಕಾರರು ಈ ನಕಾಶೆಯನ್ನು ತೆರೆದು ನೋಡದಿರುವುದು ದೊಡ್ಡ ಲೋಪ. ಸಾಮೂಹಿಕ ಬೇಸಾಯದ ಸುದ್ದಿಯೇ ಅದರಲ್ಲಿಲ್ಲ. ಸಣ್ಣ ಹಿಡುವಳಿ ಉಳಿಸಿಕೊಳ್ಳುವ ದಾರಿ ಅದರಲ್ಲಿದೆ.

ಕೊರೇಜ್ ಸೇರಿರುವ ಲಿಮೂಸಿನ್ ಸೀಮೆಯ ಗ್ರಾಮೀಣ ಕಮ್ಯುನಿಸಂ ಸಣ್ಣ ರೈತರದೇ ರಾಜಕಾರಣವಾಗಿತ್ತೆಂದು ಲೇರ್ಡ್ ಬಾಸ್ವೆಲ್ 1998ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಅವರಿಗೆ ನನ್ನ ಋಣ ದೊಡ್ಡದು. ಅವರ ಅಧ್ಯಯನ 1939ಕ್ಕೆ ನಿಲ್ಲುತ್ತದೆ, ಅದು ಅವರ ತಪ್ಪಲ್ಲ. ನನಗೆ ಸಹನೆ ಇಲ್ಲದಿರುವುದು ಇನ್ನೂ 1913ರ ಆಂದ್ರೆ ಸೀಗ್‌ಫ್ರೀಡ್ ಹೆಸರು ಹೇಳಿಕೊಂಡು ಗ್ರಾನೈಟ್ ನೆಲ ಬಲಕ್ಕೆ, ಸುಣ್ಣಕಲ್ಲಿನ ನೆಲ ಎಡಕ್ಕೆ ಎಂದು ಪಾಠ ಒಪ್ಪಿಸುವವರ ಬಗ್ಗೆ. ಸೀಗ್‌ಫ್ರೀಡ್ ಬರೆದದ್ದು ಪಶ್ಚಿಮ ಫ್ರಾನ್ಸನ್ನು ಕುರಿತು. ಭೂಒಡೆತನ, ಚರ್ಚು, ವಸತಿಯ ರೀತಿ ಎಲ್ಲವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಮಿಲ್ವಾಶ್ ಕೂಡ ಗ್ರಾನೈಟ್ ನೆಲವೇ, ಅಲ್ಲಿನ ಮನೆಗಳೂ ಚದುರಿದವೇ. ಆದರೆ ದೊಡ್ಡ ಭೂಮಾಲೀಕ ಅಲ್ಲಿ ಅಪರೂಪ, ಪಾದ್ರಿಯ ಮಾತಿಗೆ ಬೆಲೆ ಕಡಿಮೆ. ಕಲ್ಲು ಒಂದೇ ಆದರೂ ಮತ ಬೇರೆಯಾದದ್ದು ಅದಕ್ಕೆ.

ಕೆಲಸ ತರಬಲ್ಲವನಿಗೆ ಮತ ಹಾಕುವ ಇಲ್ಲಿನ ರೂಢಿಯನ್ನು ಶಿರಾಕ್ ಸರಿಯಾಗಿ ಗ್ರಹಿಸಿದರು. ಅವರು ಪ್ರಧಾನಿ ಪೊಂಪಿದು ಅವರ ಕಚೇರಿಯಿಂದ ಬಂದ ಅಧಿಕಾರಿ, ಅಂದರೆ ಪ್ಯಾರಿಸ್ಸಿನಿಂದ ಕೆಲಸ ಮಾಡಿಸಿಕೊಂಡು ಬರಬಲ್ಲವರು. ಗೆದ್ದ ಮರುವರ್ಷ, 1968ರಲ್ಲಿ, ಜಿಲ್ಲಾ ಮಂಡಲಿಗೆ ಅವರು ಆರಿಸಿ ಬಂದದ್ದು ಮೇಮಾಕ್‌ನಿಂದ, ವಾಜೆಯ್ ಅವರ ಊರಿನಿಂದ. ವಾಜೆಯ್ ಆಗ ಇನ್ನೂ ಬದುಕಿದ್ದರು. 1981ರಲ್ಲಿ ಇಡೀ ದೇಶ ಸಮಾಜವಾದಿಗಳಿಗೆ ಬಹುಮತ ಕೊಟ್ಟಾಗಲೂ ಉಸ್ಸೆಲ್ ಶಿರಾಕ್ ಅವರನ್ನು ಮೊದಲ ಸುತ್ತಿನಲ್ಲೇ ಗೆಲ್ಲಿಸಿತು. ಸೋತವರಲ್ಲಿ 26 ವರ್ಷದ ಫ್ರಾಂಸ್ವಾ ಒಲಾಂದ್ ಇದ್ದರು. ಇಷ್ಟು ಹೊತ್ತಿಗೆ ಶಿರಾಕ್ ಕೆಯ್ ಅವರ ಜಾಗದಲ್ಲಿ ಕೂತಾಗಿತ್ತು. ರೈತನ ಬೇಡಿಕೆ ಅದೇ ಇತ್ತು, ಅದನ್ನು ಹೊತ್ತೊಯ್ಯುವ ಪಕ್ಷ ಬೇರೆಯಾಗಿತ್ತು.

2010ರ ಪುನರ್ವಿಂಗಡಣೆಯಲ್ಲಿ ಕೊರೇಜ್‌ನ ಮೂರು ಕ್ಷೇತ್ರಗಳು ಎರಡಾದವು, 2012ರ ಚುನಾವಣೆಯಿಂದ ಉಸ್ಸೆಲ್ ಪ್ರತ್ಯೇಕ ಕ್ಷೇತ್ರವಾಗಿ ಉಳಿಯಲಿಲ್ಲ. 1967ರ ಬಗ್ಗೆ ಇನ್ನು ಬರೆಯುವವರು ಜೀವನಚರಿತ್ರೆಗಳನ್ನು ಪಕ್ಕಕ್ಕಿಟ್ಟು, 1936 ಮತ್ತು 1967ರ ಊರುವಾರು ಮತಲೆಕ್ಕಗಳನ್ನು ವಾಜೆಯ್ ಅವರ ನಕಾಶೆಯ ಜತೆಗಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.