ಕಿವಿ ಮತ್ತು ಬಾಯಿ: ಬೋಟಿನ ವಯರಿಂಗ್ ಎಂಬ ನಮ್ಮೂರಿನ ಉಪಕಸುಬು

ನಮ್ಮ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಲೇಬೇಕು ಎಂದು ಕಾರ್ಯದರ್ಶಿಗಳು ಮೂರು ಸಲ ಅಂಗಡಿಗೆ ಬಂದು ಹೇಳಿದರು. ನಾನು ಬರಹಗಾರನಲ್ಲ, ರೇಡಿಯೋ ರಿಪೇರಿ ಕಲಿತು ಹೊಟ್ಟೆ ಹೊರೆದವನು ಎಂದೆ. "ಠೇವಣಿ, ಸಾಲ, ಡಿವಿಡೆಂಡಿನ ಲೆಕ್ಕ ಬರೆಯಲಿಕ್ಕೆ ನಾವಿದ್ದೇವೆ ಮಾರಾಯ್ರೆ. ನೀವು ನಿಮ್ಮ ಬೋಟಿನ ವಯರಿಂಗಿನ ಕತೆ ಬರೀರಿ. ಅದೂ ಊರಿನ ಚರಿತ್ರೆಯೇ ಅಲ್ವಾ?" ಎಂದರು. ಆ ಮಾತಿಗೆ ಕಟ್ಟುಬಿದ್ದು ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದಲ್ಲಿ ಹಿರಿಯರು ತಿದ್ದಬೇಕು.

ಪೆಟ್ಟಿಗೆ ಇಲ್ಲದ ಕಾಲ

ಮಲ್ಪೆ ಬಂದರಿಗೆ ಹತ್ತಿರದ ನಮ್ಮೂರಲ್ಲಿ ಗದ್ದೆಯವರೂ ಇದ್ದಾರೆ, ಕಡಲಿನವರೂ ಇದ್ದಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿತ್ತು. 1950ರ ದಶಕದ ಕೊನೆಯಿಂದ ಈ ಕರಾವಳಿಗೆ ಇಂಜಿನಿನ ದೋಣಿಗಳು ಬರತೊಡಗಿದವು. ಆಮೇಲೆ ಟ್ರಾಲ್ ಬೋಟು, 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟು ಬಂದು ರಂಪಣಿ ಹಿಂದೆ ಸರಿಯಿತು. ಆ ಜಗಳ, ಆ ಸಂಕಟ ಹಿರಿಯ ಸದಸ್ಯರಿಗೆ ಚೆನ್ನಾಗಿ ನೆನಪಿದೆ. ಅದನ್ನು ಬರೆಯುವವರು ಬೇರೆ ಇದ್ದಾರೆ.

ಇಂಜಿನ್ ಬಂದರೂ ತಾಂಡೇಲರ ವಿದ್ಯೆ ಹಳೆಯದೇ ಆಗಿತ್ತು. ಹಗಲು ಕುದುರೆಮುಖದ ತುದಿ, ಹತ್ತಿರ ಬಂದಾಗ ಸೈಂಟ್ ಮೇರೀಸ್ ದ್ವೀಪ, ರಾತ್ರಿ ಕಾಪುವಿನ ದೀಪಸ್ತಂಭ. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಎಷ್ಟು ಜನರನ್ನು ಮನೆ ಸೇರಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಆಳ ತಿಳಿಯಲು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಸಿ ಮಾರು ಎಣಿಸುತ್ತಿದ್ದರು. ಗುಂಡಿಗೆ ಅಂಟಿ ಬಂದದ್ದು ಕೆಸರೋ ಮರಳೋ ನೋಡಿ ಬಲೆ ಬಿಡುತ್ತಿದ್ದರು. ದಿಕ್ಕು ತಪ್ಪಿದರೆ ದಿಕ್ಸೂಚಿ ನೋಡಿ ಮೂಡುದಿಕ್ಕಿಗೆ ಹೋದರಾಯಿತು, ಎಲ್ಲಾದರೂ ಕಡಲ ಕರೆ ಸಿಕ್ಕಿಯೇ ಸಿಕ್ಕುತ್ತದೆ ಎಂಬ ಧೈರ್ಯ. ಬೋಟಿನಲ್ಲಿ ವಿದ್ಯುತ್ತೆಂದರೆ ಒಂದು ಬ್ಯಾಟರಿ, ಒಂದು ಡೈನಮೋ, ನಾಲ್ಕು ಬಲ್ಬು. ಅದರ ವಯರಿಂಗನ್ನು ಇಂಜಿನ್ ಮೇಸ್ತ್ರಿಯೇ ಮಾಡಿ ಮುಗಿಸುತ್ತಿದ್ದ.

ರೇಡಿಯೋ ರಿಪೇರಿಯವನು ಕಂಡುಹಿಡಿದದ್ದು

ಮೀನು ತೋರಿಸುವ ಪೆಟ್ಟಿಗೆ, ಅಂದರೆ ಫಿಶ್ ಫೈಂಡರ್, ಹುಟ್ಟಿದ ಕತೆ ನನಗೆ ಬಹಳ ಇಷ್ಟ. ಅದು ಹುಟ್ಟಿದ್ದು ನನ್ನಂಥವನ ಅಂಗಡಿಯಲ್ಲಿಯೇ. ಜಪಾನಿನ ನಾಗಸಾಕಿ ಪ್ರಾಂತದ ಕುಚಿನೋತ್ಸು ಎಂಬ ಊರಿನಲ್ಲಿ ಕಿಯೋತಕ ಫುರುನೋ ಎಂಬವರು 1938ರಲ್ಲಿ ಅಂಗಡಿ ತೆರೆದು ರೇಡಿಯೋ ರಿಪೇರಿಯೊಂದಿಗೆ ಮೀನುಗಾರಿಕಾ ದೋಣಿಗಳ ವಿದ್ಯುತ್ ಕೆಲಸವನ್ನೂ ಮಾಡುತ್ತಿದ್ದರು. ಮೀನಿನ ಹಿಂಡು ಇದ್ದಲ್ಲಿ ನೀರಿನಿಂದ ಗುಳ್ಳೆ ಏಳುತ್ತದೆ ಎಂದು ಅನುಭವಸ್ಥ ಮೀನುಗಾರರೊಬ್ಬರು ಅವರಿಗೆ ಹೇಳಿದರಂತೆ. ಹಾಗಾದರೆ ಶಬ್ದ ಕಳಿಸಿ ಅದನ್ನು ಪತ್ತೆಮಾಡಬಹುದಲ್ಲ ಎಂದು ಅವರಿಗೆ ಹೊಳೆಯಿತು. ಯುದ್ಧ ಮುಗಿದ ಮೇಲೆ ಉಳಿದಿದ್ದ ನೌಕಾಪಡೆಯ ಆಳ ಅಳೆಯುವ ಯಂತ್ರವನ್ನು ತಂದು, ತಮ್ಮನ ಜತೆ ಸೇರಿ ಪ್ರಯೋಗ ಮಾಡಿ, 1948ರಲ್ಲಿ ಬಳಕೆಗೆ ಒದಗುವ ಪ್ರಪ್ರಥಮ ಫಿಶ್ ಫೈಂಡರನ್ನು ಮಾರಾಟಕ್ಕೆ ತಂದರು. ಮೊದಲು ಮೀನುಗಾರರು ನಂಬಲಿಲ್ಲ. ಸಹೋದರರು ತಾವೇ ದೋಣಿ ಹತ್ತಿ ತೋರಿಸಬೇಕಾಯಿತು. ಗೋಟೋ ದ್ವೀಪಗಳ ಕಡೆ ಮೀನು ರಾಶಿ ರಾಶಿ ಬಿದ್ದ ಮೇಲೆ ಎಲ್ಲರೂ ಕೇಳಿಕೊಂಡು ಬಂದರು. ಇಂದು ನಮ್ಮ ದಕ್ಕೆಯ ಬೋಟುಗಳ ಕ್ಯಾಬಿನ್ನಿನಲ್ಲಿ 'ಫುರುನೋ' ಎಂದು ಬರೆದ ಪೆಟ್ಟಿಗೆ ಕಂಡಾಗಲೆಲ್ಲ ನನಗೆ ಆ ರಿಪೇರಿ ಅಂಗಡಿ ನೆನಪಾಗುತ್ತದೆ.

ಅದರ ತತ್ವ ಸರಳ. ಬೋಟಿನ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ನೀರಿಗೆ ಶಬ್ದ ಕಳಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ನೂರರಲ್ಲಿ ನಾಲ್ಕು ಸೆಕೆಂಡಿನಲ್ಲಿ ಪ್ರತಿಧ್ವನಿ ಬಂದರೆ ಆಳ 30 ಮೀಟರ್, ಅಂದರೆ ಸುಮಾರು 16 ಮಾರು. ನಡುವೆ ಮೀನಿನ ಹಿಂಡಿದ್ದರೆ ಅದರ ಪ್ರತಿಧ್ವನಿ ಮೊದಲೇ ಬರುತ್ತದೆ. ಸೀಸದ ಗುಂಡಿನ ಕೆಲಸವನ್ನೇ ಶಬ್ದ ಮಾಡುತ್ತದೆ, ಅಷ್ಟೆ.

ದಕ್ಕೆಗೆ ನಾನು ಹೋದದ್ದು

1990ರ ದಶಕದಲ್ಲಿ ನಮ್ಮ ಬೋಟುಗಳು ಎಂಟು ಹತ್ತು ದಿನದ ದೂರದ ಮೀನುಗಾರಿಕೆಗೆ ಹೋಗತೊಡಗಿದ ಹಾಗೆ ಫಿಶ್ ಫೈಂಡರ್, ವಯರ್‌ಲೆಸ್, ಜಿಪಿಎಸ್ ಒಂದರ ಹಿಂದೆ ಒಂದು ಬಂದವು. ಆ ಹೊತ್ತಿಗೆ ಊರಲ್ಲಿ ರೇಡಿಯೋ ಕೇಳುವವರು ಕಡಿಮೆಯಾಗಿ ನನ್ನ ಅಂಗಡಿಗೆ ನೊಣ ಮಾತ್ರ ಬರುತ್ತಿತ್ತು. ಪೆಟ್ಟಿಗೆ ಮಾರುವವರು ಪೇಟೆಯವರು, ಮಾರಿ ಹೋಗುತ್ತಿದ್ದರು. ಕೂರಿಸಿ ತಂತಿ ಎಳೆಯುವವರು ಬೇಕಿತ್ತು. ನೆರೆಮನೆಯ ತಾಂಡೇಲರು "ತಮ್ಮಾ, ನಿಂಗೆ ರೇಡಿಯೋ ಗೊತ್ತುಂಟಲ್ಲ, ಇದೂ ಅದೇ ಜಾತಿ, ಬಾ" ಎಂದು ಕರೆದುಕೊಂಡು ಹೋದರು. ಹೀಗೆ ಶುರುವಾಯಿತು.

ಜಿಪಿಎಸ್ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದವರು ಸಾಮಾನ್ಯರಿಗೆ ಬಿಟ್ಟಿದ್ದ ಸಂಕೇತದಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಿದ್ದರು. ಆದ್ದರಿಂದ ಜಾಗ 100 ಮೀಟರಿನವರೆಗೆ ಆಚೀಚೆ ತೋರಿಸುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ನೀರಿನಡಿಯ ಯಾವ ಬಂಡೆಗೆ ಬಲೆ ಸಿಕ್ಕಿ ಹರಿಯಿತೋ ಆ ಬಂಡೆಯನ್ನೇ ಗುರುತು ಹಾಕಿ ಇಡುವುದು ಆಮೇಲೆ ಸುಲಭವಾಯಿತು. ಒಂದು ಟ್ರಾಲ್ ಬಲೆ ಉಳಿದರೆ ಎಷ್ಟು ಉಳಿಯಿತು ಎಂದು ಸಾಲ ತೀರಿಸಿದವರಿಗೆ ಗೊತ್ತು. ನಮ್ಮ ಸಂಘ ಕಣ್ಣು ಬಿಟ್ಟದ್ದೂ ಹೆಚ್ಚುಕಮ್ಮಿ ಅದೇ ಕಾಲದಲ್ಲಿ.

ಈ ಕಸುಬಿನ ಹಂಗಾಮು ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕಾ ರಜೆ. ಬೋಟುಗಳು ಕಟ್ಟಿರುತ್ತವೆ, ದಡಕ್ಕೆ ಎಳೆದಿರುತ್ತಾರೆ. ತಳದ ಟ್ರಾನ್ಸ್‌ಡ್ಯೂಸರ್ ಕೂರಿಸಲಿಕ್ಕೆ ಆಗುವುದು ಆಗಲೇ. ಆದರೆ ಗದ್ದೆಯ ನಾಟಿ ಬರುವುದೂ ಆಗಲೇ! ಬೆಳಿಗ್ಗೆ ಕೆಸರು, ಮಧ್ಯಾಹ್ನ ಡೀಸೆಲ್ ಎಣ್ಣೆ. ನನ್ನ ಮನೆಯವಳು ಎಷ್ಟೋ ಸಲ "ಕಾಲು ಯಾವುದರಲ್ಲಿ ಹೂತಿದೆ ಅಂತಾದರೂ ಹೇಳಿ" ಎಂದು ಕೇಳಿದ್ದಾಳೆ.

ಒಂದು ತಪ್ಪು

ಈಗ ಬರೆಯುವುದು ನನಗೆ ನಾಚಿಕೆಯ ಸಂಗತಿ. ಆದರೆ ಇದನ್ನು ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಸಂಘ ಹುಟ್ಟಿ ಮೂರು ನಾಲ್ಕು ವರ್ಷ ಆಗಿರಬಹುದು. ಅದೇ ತಾಂಡೇಲರ ಬೋಟಿಗೆ ವಯರ್‌ಲೆಸ್ ಕೂರಿಸಿದೆ. ಒಳ್ಳೆಯ ವಯರಿಗೆ ನನ್ನಲ್ಲಿ ಹಣವಿರಲಿಲ್ಲ. ಮನೆಯ ದೀಪಕ್ಕೆ ಹಾಕುವ ಸಪೂರ ವಯರನ್ನೇ ಎಳೆದು, ಕೂಡಿಸುವಲ್ಲಿ ಕೈಯಲ್ಲಿ ಹೆಣೆದು ಟೇಪು ಸುತ್ತಿದೆ. ಆನ್ ಮಾಡಿದಾಗ ಬೇರೆ ಬೋಟಿನವರ ಮಾತು ಸ್ಪಷ್ಟವಾಗಿ ಕೇಳಿತು. "ಆಯ್ತು ಅಣ್ಣ" ಎಂದು ಕೆಳಗಿಳಿದೆ.

ಆ ಬೋಟು ಕಡಲಿನಲ್ಲಿ ಇಂಜಿನ್ ಕೆಟ್ಟು ನಿಂತಿತು. ಗಾಳಿಯೂ ಎದ್ದಿತ್ತು. ವಯರ್‌ಲೆಸ್‌ನಲ್ಲಿ ಉಳಿದ ಬೋಟಿನವರು ಮಾತಾಡುವುದು, ನಗುವುದು ಎಲ್ಲ ಕೇಳುತ್ತಿತ್ತು. ಇವರು ಮಾತಾಡಲು ಗುಂಡಿ ಒತ್ತಿದ ಕೂಡಲೇ ಪೆಟ್ಟಿಗೆ ಕಣ್ಣು ಮುಚ್ಚುತ್ತಿತ್ತು. ಬಿಟ್ಟರೆ ಮತ್ತೆ ಜೀವ ಬರುತ್ತಿತ್ತು. ಇಡೀ ರಾತ್ರಿ ಹಾಗೆ ಕಳೆದರು. ಬೆಳಗಿನ ಜಾವ ಟಾರ್ಚಿನ ಬೆಳಕು ಕಂಡು ಇನ್ನೊಂದು ಬೋಟಿನವರು ಬಂದು ಎಳೆದು ತಂದರು. ಏಳು ಜನ ಇದ್ದರು. ದೇವರ ದಯೆ, ಏಳು ಜನವೂ ಬಂದರು.

ತಾಂಡೇಲರು ಅಂಗಡಿಗೆ ಬಂದರು. ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಹೇಳಿದ್ದು ಇಷ್ಟೇ: "ತಮ್ಮಾ, ನೀನು ನಮಗೆ ಕಿವಿ ಕೊಟ್ಟೆ, ಬಾಯಿ ಕೊಡಲಿಲ್ಲ."

ಕಾರಣ ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆ. ಕೇಳುವಾಗ ಪೆಟ್ಟಿಗೆಗೆ ಸ್ವಲ್ಪವೇ ಕರೆಂಟ್ ಸಾಕು. 25 ವಾಟಿನ ಸೆಟ್ಟು ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಕ್ಯಾಬಿನ್ನಿಗೆ ಹೋಗಿ ಬರಲು 20 ಮೀಟರ್ ತಂತಿ. 1 ಚದರ ಮಿಲಿಮೀಟರಿನ ತಂತಿಯಾದರೆ ಹಾದಿಯಲ್ಲೇ ಹೆಚ್ಚುಕಮ್ಮಿ 2 ವೋಲ್ಟ್ ನಷ್ಟ. 12 ವೋಲ್ಟಿನಲ್ಲಿ 10 ಉಳಿಯಿತು. ಮೇಲಿನಿಂದ ಉಪ್ಪುನೀರು ಹೊಕ್ಕು ತಾಮ್ರ ಹಸಿರಾಗಿ ಜಾಯಿಂಟಿನಲ್ಲಿ ಇನ್ನಷ್ಟು ನಷ್ಟ. ಅದೇ ಜಾಗದಲ್ಲಿ 4 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಏಳು ಜೀವ ಇದ್ದದ್ದು ಆ ಒಂದೂವರೆ ವೋಲ್ಟಿನಲ್ಲಿ.

ತಂತಿಗೂ ಸಾಲ

ಬಿಚ್ಚಿ ಹೊಸದಾಗಿ ಮಾಡಿಕೊಡುತ್ತೇನೆ ಎಂದೆ. ಆದರೆ ತವರದ ಲೇಪವಿರುವ ದಪ್ಪ ವಯರಿನ ಸುರುಳಿ, ತುದಿ ಒತ್ತುವ ಇಕ್ಕಳ, ಒಳ್ಳೆಯ ಮಲ್ಟಿಮೀಟರ್ ಇವಕ್ಕೆಲ್ಲ ಹಣ? ಸಂಘಕ್ಕೆ ಅರ್ಜಿ ಕೊಟ್ಟೆ. ಆಡಳಿತ ಮಂಡಳಿಯ ಸಭೆಯಲ್ಲಿ ಚರ್ಚೆಯಾಯಿತಂತೆ. ಹಸುವಿಗೆ ಸಾಲ ಕೊಡಬಹುದು, ಬಲೆಗೆ ಕೊಡಬಹುದು, ತಂತಿಗೆ ಸಾಲ ಕೊಟ್ಟರೆ ನಾಳೆ ಜಪ್ತಿ ಮಾಡುವುದು ಎಂತದನ್ನು ಎಂದು ಒಬ್ಬರು ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಇಬ್ಬರು ಜಾಮೀನುದಾರರಿದ್ದರೆ ಕೊಡೋಣ ಎಂದು ತೀರ್ಮಾನವಾಯಿತು. ಒಬ್ಬರು ನನ್ನ ಭಾವ. ಇನ್ನೊಬ್ಬರು ಯಾರು ಸಿಕ್ಕಾರು ಎಂದು ನಾನು ತಲೆ ತಗ್ಗಿಸಿ ಕೂತಿದ್ದಾಗ ರುಜು ಹಾಕಲು ಬಂದವರು ಅದೇ ತಾಂಡೇಲರು. "ಒಮ್ಮೆ ತಪ್ಪಿದವನು ಎರಡನೇ ಸಲ ಸಮ ಮಾಡ್ತಾನೆ" ಎಂದರು. ಆ ಸಾಲವನ್ನು ಒಂದು ಕಂತೂ ತಪ್ಪದೆ ಕಟ್ಟಿದ್ದೇನೆ. ತಾಂಡೇಲರು ಇಂದು ನಮ್ಮೊಂದಿಗಿಲ್ಲ. ಈ ಬರಹ ಅವರ ನೆನಪಿಗೆ.

ಅಂದಿನಿಂದ ಕೆಲವು ನಿಯಮ ಮಾಡಿಕೊಂಡೆ. ನನ್ನಲ್ಲಿ ಕಲಿತ ಹುಡುಗರಿಗೂ ಅದನ್ನೇ ಹೇಳಿಕೊಟ್ಟೆ:

1. ಫ್ಯೂಸು ಬ್ಯಾಟರಿಯ ಬುಡದಲ್ಲೇ ಇರಬೇಕು. ಕ್ಯಾಬಿನ್ನಿನಲ್ಲಿ ಮಾತ್ರ ಇದ್ದರೆ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ಬೆಂಕಿಗೆ ತಡೆ ಇಲ್ಲ.

2. 24 ವೋಲ್ಟಿನ ಬೋಟಿನಲ್ಲಿ 12 ವೋಲ್ಟಿನ ಸೆಟ್ಟಿಗಾಗಿ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಕರೆಂಟ್ ಕದಿಯಬಾರದು. ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದು ಕುದಿಯುತ್ತದೆ. ಕನ್ವರ್ಟರ್ ಹಾಕಬೇಕು.

3. ಆಂಟೆನಾದ ಕೇಬಲ್ ಕೂಡಿಸಿದಲ್ಲಿ ನೀರು ಹೊಗದಂತೆ ಮುಚ್ಚಬೇಕು. ಕ್ಯಾಬಿನ್ನಿಗೆ ಹೊಗುವ ಮುಂಚೆ ಕೇಬಲನ್ನು ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಆಂಟೆನಾ ಎತ್ತರವಿದ್ದಷ್ಟೂ ಮಾತು ದೂರ ಹೋಗುತ್ತದೆ.

4. ಸ್ಪೀಕರಿನಲ್ಲಿ ಅಯಸ್ಕಾಂತವಿದೆ. ದಿಕ್ಸೂಚಿಯ ಹತ್ತಿರ ಇಡಬಾರದು. ದಿಕ್ಸೂಚಿಯ ಬಳಿ ಹೋಗುವ ಎರಡು ತಂತಿಗಳನ್ನು ಹೆಣೆದೇ ಎಳೆಯಬೇಕು. ಸ್ವಿಚ್ ಹಾಕಿದಾಗ ಮುಳ್ಳು ಅಲುಗಿದರೆ ಕೆಲಸ ಮುಗಿದಿಲ್ಲ ಎಂದು ತಿಳಿಯಬೇಕು.

5. ಗುಂಡಿ ಒತ್ತಿ, ಮಾತಾಡಿ, ಇನ್ನೊಂದು ಬೋಟಿನಿಂದ ಉತ್ತರ ಬಂದ ಮೇಲೆಯೇ ಬೋಟಿನಿಂದ ಇಳಿಯಬೇಕು. ಇಂಜಿನ್ ನಿಲ್ಲಿಸಿಯೂ ಒಮ್ಮೆ ನೋಡಬೇಕು, ಯಾಕೆಂದರೆ ಕಷ್ಟ ಬರುವುದು ಇಂಜಿನ್ ನಿಂತಾಗಲೇ.

ಕಾಲ ಬದಲಾದ ಹಾಗೆ

2008ರ ನವೆಂಬರ್ 26ರ ಮುಂಬಯಿ ದಾಳಿಗೆ ಬಂದವರು ಒಂದು ಮೀನುಗಾರಿಕಾ ಬೋಟನ್ನು ಅಪಹರಿಸಿ ಅದರಲ್ಲಿ ಬಂದಿದ್ದರು. ಆ ಬಳಿಕ ಬೋಟುಗಳಿಗೆ ಬಣ್ಣ, ನಂಬ್ರ, ಮೀನುಗಾರರಿಗೆ ಗುರುತುಚೀಟಿ, ದೊಡ್ಡ ಬೋಟಿಗೆ ತನ್ನ ಗುರುತನ್ನು ತಾನೇ ಸಾರುವ ಯಂತ್ರ ಎಂದು ಕೆಲಸ ಹೆಚ್ಚಿತು. ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವ ಪದ್ಧತಿ ಬಂದಾಗ ಜನರೇಟರಿನ ವಯರಿಂಗಿಗೆ ಕೈತುಂಬಾ ಹಣ ಸಿಗುತ್ತಿತ್ತು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿದ ಮೇಲೆ ನಾವು ಆ ಕೆಲಸ ಮುಟ್ಟಲಿಲ್ಲ. ಸಣ್ಣ ದೋಣಿಯವರ ಮುಖ ನೋಡಬೇಕಲ್ಲ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆ ಕಡಲಿನಡಿ ಅದರ ಅವಶೇಷ ಸಿಕ್ಕಿತು. ಕಾರಣದ ಮಾತಿಗೆ ನಾನು ಹೋಗುವವನಲ್ಲ. ಏಳು ಎಂಬ ಲೆಕ್ಕ ಕೇಳಿದಾಗ ನನಗೆ ಆ ಹಳೆಯ ರಾತ್ರಿ ನೆನಪಾಗಿ ಊಟ ಸೇರಲಿಲ್ಲ ಎಂದಷ್ಟೇ ಹೇಳಬಲ್ಲೆ.

2024ರ ಆಗಸ್ಟ್ 30ರಂದು ದೇಶದ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಕೂರಿಸುವ ಯೋಜನೆಗೆ ಚಾಲನೆ ಸಿಕ್ಕಿತು. ವಯರ್‌ಲೆಸ್ ಮಾತು ಬೋಟಿನಿಂದ ಬೋಟಿಗೆ ಹತ್ತು ಹನ್ನೆರಡು ನಾಟಿಕಲ್ ಮೈಲು ಮುಟ್ಟಿದರೆ ಹೆಚ್ಚು. ಉಪಗ್ರಹಕ್ಕೆ ಆ ಮಿತಿ ಇಲ್ಲ. ಬಹಳ ಸಂತೋಷ. ಆದರೆ ಪೆಟ್ಟಿಗೆ ಸರಕಾರದ್ದಾದರೂ ಉಪ್ಪುಗಾಳಿ ನಮ್ಮೂರಿನದೇ. ಜಾಯಿಂಟ್ ಹಸಿರಾದರೆ ನೋಡಲು ದಿಲ್ಲಿಯಿಂದ ಯಾರೂ ಬರುವುದಿಲ್ಲ. ದಕ್ಕೆಯ ಪಕ್ಕದಲ್ಲಿ ಒಬ್ಬ ಹುಡುಗ ಇರಬೇಕು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಮೀನುಗಾರಿಕಾ ರಜೆಯ ಎರಡು ತಿಂಗಳಲ್ಲಿ ಸಂಘದ ಸಭಾಭವನದಲ್ಲಿ ಊರಿನ ನಾಲ್ಕೈದು ಮಂದಿ ಮಕ್ಕಳಿಗೆ ಈ ಕೆಲಸ ಕಲಿಸುವ ಏರ್ಪಾಡು ಮಾಡಿ. ಹುಡುಗಿಯರೂ ಬರಲಿ, ಬೆಸುಗೆ ಹಾಕಲು ಮೀಸೆ ಬೇಕಿಲ್ಲ. ನನಗೆ ಸಂಬಳ ಬೇಡ, ಚಾ ಸಾಕು. ಕಣ್ಣು ಕಾಣುವವರೆಗೆ ಬಂದು ಹೇಳಿಕೊಡುತ್ತೇನೆ.

ಇಪ್ಪತ್ತೈದು ವರ್ಷದ ಹಿಂದೆ ಹಂಚಿನ ಮಾಡಿನ ಒಂದು ಕೋಣೆಯಲ್ಲಿ ಹುಟ್ಟಿದ ಸಂಘ ತಂತಿಯನ್ನೂ ನಂಬಿ ಸಾಲ ಕೊಟ್ಟಿತು. ಆ ನಂಬಿಕೆಯಿಂದ ಎಷ್ಟು ಬೋಟು ಮನೆಗೆ ಬಂತು ಎಂದು ಯಾವ ಲೆಕ್ಕಪತ್ರದಲ್ಲೂ ಬರೆದಿಲ್ಲ. ಸಂಘವು ನೂರ್ಕಾಲ ಬಾಳಲಿ, ಕಡಲಿಗೆ ಹೋದವರೆಲ್ಲ ಮನೆಗೆ ಬರಲಿ ಎಂದು ಹಾರೈಸಿ ಮುಗಿಸುತ್ತೇನೆ.