ಕೊಪ್ಪಳ ಸೀಮೆಯ ಕ್ರೈಸ್ತ ಸಭೆಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಕ್ರೈಸ್ತ ಸಭೆಗಳು ಗಾತ್ರದಲ್ಲಿ ಚಿಕ್ಕವು. ಹೆಚ್ಚಿನವು ಸ್ವಾತಂತ್ರ್ಯಾನಂತರ ನೆಲೆಯೂರಿದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಕೊಪ್ಪಳ ಜಿಲ್ಲೆಯಲ್ಲಿದ್ದುದು ಈ ನಾಲ್ಕೇ ತಾಲ್ಲೂಕುಗಳು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ. ಇಡೀ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87 ಇದ್ದರೆ, ಇಲ್ಲಿ ಅದು ಶೇ 1ನ್ನೂ ಮುಟ್ಟಲಿಲ್ಲ.

ನಕಾಶೆ ನೋಡಿದವರಿಗೆ ಇದು ಸೋಜಿಗವೆನಿಸುತ್ತದೆ, ಏಕೆಂದರೆ ಸುತ್ತಲೂ ಹಳೆಯ ಕ್ರೈಸ್ತ ನೆಲೆಗಳಿವೆ. ಕುಷ್ಟಗಿಯ ಮಗ್ಗುಲಲ್ಲೇ ಇರುವ ಮುದಗಲ್ಲಿನ ಕಥೊಲಿಕ ಸಮುದಾಯದ ಮೂಲ ಆದಿಲಶಾಹಿ ಕಾಲಕ್ಕೆ ಹೋಗುತ್ತದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದು ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ ಗದಗಿನ ಬೆಟಗೇರಿಗೂ, ನೇಕಾರರ ಊರಾದ ಗುಳೇದಗುಡ್ಡಕ್ಕೂ ತಲುಪಿದರು. ಅಷ್ಟು ಹತ್ತಿರ ಬಂದರೂ ಈ ಸೀಮೆಯಲ್ಲಿ ಅವರ ಬೇರು ಆಳಕ್ಕೆ ಇಳಿಯಲಿಲ್ಲ.

ಇದಕ್ಕೆ ದೊಡ್ಡ ಕಾರಣ ರಾಜಕೀಯ ಗಡಿ. ಬೆಟಗೇರಿ, ಗುಳೇದಗುಡ್ಡಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ಹೊಸಪೇಟೆಗಳು ಮದರಾಸಿನವು. ನಡುವಿನ ಈ ನಾಡು ನಿಜಾಮನ ಆಳ್ವಿಕೆಗೆ ಸೇರಿತ್ತು, ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಶಾಲೆ, ಆಸ್ಪತ್ರೆ, ಮಗ್ಗದ ಕಾರ್ಖಾನೆ ಎಂದು ಮಿಷನ್ನುಗಳು ಕಟ್ಟಿದ ಸಂಸ್ಥೆಗಳು ಬಹುಪಾಲು ಗಡಿಯ ಆಚೆಗೇ ಉಳಿದವು. 1948ರಲ್ಲಿ ಹೈದರಾಬಾದ್ ವಿಲೀನಗೊಂಡು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗಡಿಗಳ ತೊಡಕು ನೀಗಿತು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಕಥೊಲಿಕ ಧರ್ಮಪ್ರಾಂತದ ವ್ಯಾಪ್ತಿಗೆ ಇಂದಿನ ಬಳ್ಳಾರಿ, ರಾಯಚೂರುಗಳ ಜತೆ ಕೊಪ್ಪಳವೂ ಬರುತ್ತದೆ. ಪ್ರೊಟೆಸ್ಟೆಂಟರ ಕಡೆ, 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ಆಡಳಿತ ಧಾರವಾಡದಿಂದ ನಡೆಯುತ್ತದೆ.

ನಿಜವಾದ ತಿರುವು ಕೊಟ್ಟದ್ದು ತುಂಗಭದ್ರಾ ನೀರು. 1953ರಲ್ಲಿ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆ ಹರಿದಾಗ ಗಂಗಾವತಿ ಭತ್ತದ ಕಣಜವಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರೂ ಕೂಲಿಕಾರರೂ ಬಂದು ಶ್ರೀರಾಮನಗರದಂಥ ಕ್ಯಾಂಪುಗಳನ್ನು ಕಟ್ಟಿಕೊಂಡರು. ಹೀಗೆ ಬಂದವರಲ್ಲಿ ತೆಲುಗು ಕ್ರೈಸ್ತ ಕುಟುಂಬಗಳೂ ಇದ್ದುದರಿಂದ ನೀರಾವರಿ ಭಾಗದ ಆರಾಧನೆಯಲ್ಲಿ ತೆಲುಗು, ಕನ್ನಡ ಎರಡೂ ಕೇಳಿಬರುತ್ತವೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಕಥೆ ಬೇರೆ. ಅಲ್ಲಿಂದ ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋದವರು ಅಲ್ಲಿನ ಪ್ರಾರ್ಥನಾ ಕೂಟಗಳ ಪರಿಚಯ ಹೊತ್ತು ಊರಿಗೆ ಮರಳುವುದುಂಟು.

ಹಳ್ಳಿಯ ಸಭೆಗೆ ಗೋಪುರವಿರುವುದು ಅಪರೂಪ. ವಿಶ್ವಾಸಿಯೊಬ್ಬರ ಪಡಸಾಲೆಯೋ ತಗಡಿನ ಶೆಡ್ಡೋ ಆಲಯವಾಗುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಜಮಖಾನೆಯ ಮೇಲೆ ಗಂಡಸರು ಒಂದು ಕಡೆ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು ಇನ್ನೊಂದು ಕಡೆ ಕೂರುತ್ತಾರೆ. ಢೋಲಕ್ಕು, ತಾಳಗಳ ಜತೆ ಭಜನೆಯ ಮಟ್ಟಿನ ಹಾಡುಗಳು ನಡೆಯುತ್ತವೆ. ಸುಗ್ಗಿ ಹಬ್ಬದಂದು ಜೋಳ, ಸಜ್ಜೆ, ಭತ್ತ, ಕೋಳಿ, ಕುಂಬಳ ತಂದೊಪ್ಪಿಸಿ, ಆರಾಧನೆ ಮುಗಿದ ಮೇಲೆ ಅವನ್ನೇ ಹರಾಜು ಹಾಕಿ ಸಭೆಯ ಖರ್ಚಿಗೆ ಹಣ ಕೂಡಿಸುತ್ತಾರೆ. ಈ ಸಭೆಗಳನ್ನು ವಿದೇಶಿ ಹಣದ ಸೃಷ್ಟಿ ಎಂದು ಸಾರಾಸಗಟಾಗಿ ತಳ್ಳಿಹಾಕುವವರು ಈ ಹರಾಜನ್ನೊಮ್ಮೆ ನೋಡಬೇಕು. ಊರೂರು ಸುತ್ತಿ ಸುವಾರ್ತೆ ಸಾರುವವರಲ್ಲಿ, ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥಿಸುವವರಲ್ಲಿ ಹೆಚ್ಚಿನವರು ಇದೇ ಸೀಮೆಯ ಮಾತಾಡುವ ಪಾಸ್ಟರುಗಳು ಮತ್ತು ಹೆಣ್ಣುಮಕ್ಕಳು.

2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಮತಾಂತರ ಬಯಸುವವರು ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಸಭೆಗಳ ಲೆಕ್ಕಕ್ಕೆ ಇದಕ್ಕಿಂತ ಹಳೆಯ ತೊಡಕೊಂದಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಇಲ್ಲ; ಆದ್ದರಿಂದ ಭಾನುವಾರ ಕೂಟಕ್ಕೆ ಬರುವ ಎಲ್ಲರೂ ಗಣತಿಯಲ್ಲಿ ಕ್ರೈಸ್ತರೆಂದು ಬರೆಸುವುದಿಲ್ಲ. ಈ ಸಭೆಗಳ ಬೆಳವಣಿಗೆಯನ್ನು ಅಳೆಯಲು ಜನಗಣತಿಗಿಂತ ಅವುಗಳ ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳೇ ಹೆಚ್ಚು ನಂಬಲರ್ಹ.