ಖಿನ್ನತೆಗೆ ಸೈಕೆಡೆಲಿಕ್ ಚಿಕಿತ್ಸೆ: ಕಾರವಾರ–ಅಂಕೋಲಾ ಸೀಮೆಯಿಂದ ಒಂದು ಪರಿಶೀಲನೆ

ಕಾರವಾರ, ಅಂಕೋಲಾ ಕಡೆ ಎಲ್‌ಎಸ್‌ಡಿಯಂಥ ಹೆಸರು ಜನರ ಕಿವಿಗೆ ಬೀಳುವುದು ಗೋವಾ ಗಡಿಯ ಅಪರಾಧ ಸುದ್ದಿಯಾಗಿ. ಎಲ್‌ಎಸ್‌ಡಿ ಮತ್ತು ಅದರಂಥದೇ ಸೈಕೆಡೆಲಿಕ್ ಆದ ಸೈಲೋಸೈಬಿನ್ ಎರಡೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪಟ್ಟಿಯಲ್ಲಿವೆ. ಆದರೆ ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್ ಬರೆದುಕೊಡಲು ಆಸ್ಟ್ರೇಲಿಯ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಅವಕಾಶ ಕೊಟ್ಟಿದೆ. ಈ ಚಿಕಿತ್ಸೆಯ ಸಾಕ್ಷ್ಯ ನಮ್ಮ ಕರಾವಳಿಯ ರೋಗಿಗೆ ಎಷ್ಟು ಸಲ್ಲುತ್ತದೆ?

ಮುಖ್ಯ ಸಾಕ್ಷ್ಯ 2022ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಪ್ರಯೋಗ. ಯುರೋಪ್ ಮತ್ತು ಉತ್ತರ ಅಮೆರಿಕದ 10 ದೇಶಗಳ ಇಂಥ 233 ರೋಗಿಗಳಿಗೆ, ಎಂದರೆ ಔಷಧಕ್ಕೆ ಬಗ್ಗದ ಖಿನ್ನತೆಯುಳ್ಳವರಿಗೆ, 25, 10 ಅಥವಾ 1 ಮಿ.ಗ್ರಾಂ ಸೈಲೋಸೈಬಿನ್ ಒಮ್ಮೆ ಮಾತ್ರ ಕೊಡಲಾಯಿತು. ಮೂರು ವಾರಗಳಲ್ಲಿ ಖಿನ್ನತೆಯ ಅಂಕ ಕ್ರಮವಾಗಿ 12, 7.9 ಮತ್ತು 5.4ರಷ್ಟು ಇಳಿಯಿತು. ಹನ್ನೆರಡನೆಯ ವಾರದವರೆಗೂ ಗುಣ ಉಳಿಸಿಕೊಂಡವರು 25 ಮಿ.ಗ್ರಾಂ ಗುಂಪಿನಲ್ಲೂ ಶೇ. 20 ಮಾತ್ರ.

ನನ್ನ ಗಮನ ಸೆಳೆಯುವುದು ಆ 5.4. ಒಂದು ಮಿ.ಗ್ರಾಂ ಎಂದರೆ ಹೆಚ್ಚುಕಡಿಮೆ ಏನೂ ಕೊಡದಂತೆ. ಆದರೆ ಆ ರೋಗಿಗಳಿಗೂ ಮೊದಲೇ ತಯಾರಿಯ ಮಾತುಕತೆ ಸಿಕ್ಕಿತ್ತು. ಔಷಧದ ದಿನ ಶಾಂತ ಕೋಣೆ, ಕಣ್ಣಿಗೆ ಪಟ್ಟಿ, ಸಂಗೀತ, ಆರೆಂಟು ತಾಸು ಬಳಿ ಕುಳಿತ ಚಿಕಿತ್ಸಕರು. ಆಮೇಲೆ ಕಂಡದ್ದನ್ನು ಹೇಳಿಕೊಳ್ಳಲು ಮತ್ತೆ ಸಮಯ. ಹೆಚ್ಚು ಪ್ರಮಾಣ ತೆಗೆದುಕೊಂಡವರಿಗೆ ಅದರ ಅನುಭವವೇ ಗುಟ್ಟು ಬಿಟ್ಟುಕೊಡುವುದರಿಂದ ಯಾರಿಗೆ ಏನು ಕೊಟ್ಟಿದೆಯೆಂದು ಮರೆಮಾಚುವುದೂ ಕಷ್ಟ. ಔಷಧದ ಪಾಲೆಷ್ಟು, ಒಡನಾಟದ ಪಾಲೆಷ್ಟು ಎಂಬುದು ಇನ್ನೂ ಬಿಡಿಸಿಕೊಂಡಿಲ್ಲ.

ನಮ್ಮಲ್ಲಿ ಕೊರತೆಯಿರುವುದು ಆ ಒಡನಾಟಕ್ಕೇ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ರೋಗ ಹೊರಬರುವ ಬಗೆಯೂ ಬೇರೆ. ನಿದ್ದೆ ಹತ್ತುವುದಿಲ್ಲ, ಎದೆ ಭಾರ, ಕೈಕಾಲು ಸೋತಿವೆ ಎನ್ನುತ್ತ ಬಂದ ಹೆಂಗಸಿಗೆ ಜನ ತುಂಬಿದ ಒಪಿಡಿಯಲ್ಲಿ ಟಾನಿಕ್ ಚೀಟಿ ಸಿಗುತ್ತದೆ. ಬೆಂಗಳೂರಿನ 80 ರೋಗಿಗಳನ್ನು ಅಭ್ಯಸಿಸಿದ ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲೇ ತೋರಿಸಿದ್ದರು: ಮನಸ್ಸಿನ ನೋವು ಹೆಚ್ಚಿದಂತೆ ಕಳಂಕದ ಭಯವೂ ಹೆಚ್ಚು, ಮೈನೋವು ಮುಂದಾದಲ್ಲಿ ಅದು ಕಡಿಮೆ. ಮೈನೋವನ್ನು ಮುಂದಿಡುವುದರಲ್ಲಿ ಮರ್ಯಾದೆಯ ಲೆಕ್ಕಾಚಾರವಿದೆ; ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೆಯೇ ತಂದು ಕೇಳಿದರೆ ಅದು ಕಾಣಿಸದು.

ಕಾರವಾರದ ಗಡಿಯೂರು ಮಾಜಾಳಿ ದಾಟಿದರೆ ಸಿಗುವ ಗೋವಾದಲ್ಲೇ ಇನ್ನೊಂದು ಸಾಕ್ಷ್ಯವಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 495 ಮಂದಿಯ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರು ಆರೆಂಟು ಭೇಟಿಗಳಲ್ಲಿ ರೋಗಿಯು ಕೈಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸಿದರು. ಮೂರು ತಿಂಗಳಲ್ಲಿ ಶೇ. 64 ಮಂದಿ ಚೇತರಿಸಿಕೊಂಡರು. ಆ ನೆರವು ಸಿಗದ ಗುಂಪಿನಲ್ಲಿ ಶೇ. 39. ಗೋವಾದವರು ಔಷಧಕ್ಕೆ ಬಗ್ಗದ ರೋಗಿಗಳಲ್ಲವಾದ್ದರಿಂದ ಎರಡು ಪ್ರಯೋಗಗಳ ಅಂಕಿಗಳನ್ನು ನೇರವಾಗಿ ತೂಗುವಂತಿಲ್ಲ. ಆದರೂ ಉತ್ತರ ಕನ್ನಡದಲ್ಲಿ ಹಣ ಮತ್ತು ಜನ ಮೊದಲು ಹೋಗಬೇಕಾದದ್ದು ಈ ಕೆಲಸಕ್ಕೇ ಎಂಬುದು ನನ್ನ ದೃಢ ಅಭಿಪ್ರಾಯ.

ಮುಂದೆ ಇಲ್ಲಿ ಸೈಲೋಸೈಬಿನ್ ಪ್ರಯೋಗ ನಡೆದರೆ ಒಂದು ಗುಂಪಿಗೆ ಔಷಧವಿಲ್ಲದೆ ಅಷ್ಟೇ ತಾಸುಗಳ ಒಡನಾಟ ಸಿಗಬೇಕು. ಬಳಿ ಕೂರುವವರು ಕೊಂಕಣಿಯನ್ನೂ ಇಲ್ಲಿನ ಹಾಲಕ್ಕಿ ಸಮುದಾಯದ ಕನ್ನಡವನ್ನೂ ಬಲ್ಲವರಾಗಿರಬೇಕು. ಫಲಿತಾಂಶವನ್ನು ಮೂರು ವಾರಕ್ಕಲ್ಲ, ಒಂದು ಮಳೆಗಾಲ ಕಳೆದ ಮೇಲೆ ಅಳೆಯಬೇಕು.